ಗಿಡುಗಗಳ ದಾರಿಯಲ್ಲೊಂದು ಮನೆಶಾಲೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪೂರ್ವ ಭಾಗದಲ್ಲಿ ಕಿಟ್ಟಾಟಿನಿ ಎಂಬ ಉದ್ದನೆಯ ಗುಡ್ಡಸಾಲು ಈಶಾನ್ಯದಿಂದ ನೈಋತ್ಯಕ್ಕೆ ಚಾಚಿಕೊಂಡಿದೆ. ಎತ್ತರ ಹೆಚ್ಚೇನಿಲ್ಲ, ಸಾವಿರದೈನೂರು ಅಡಿಯ ಆಸುಪಾಸು. ಸಹ್ಯಾದ್ರಿ ಕಂಡ ಕಣ್ಣಿಗೆ ಅದು ದಿಬ್ಬವೇ ಸರಿ. ಸೆಪ್ಟೆಂಬರ್ ಮುಗಿಯುವವರೆಗೂ ಬರೀ ಹಸಿರಾಗಿರುವ ಈ ಸಾಲು ಅಕ್ಟೋಬರ್ ಬಂತೆಂದರೆ ಬಣ್ಣ ತಿರುಗುತ್ತದೆ. ಮೊದಲು ಹಳ್ಳದ ಬದಿಯ ಮೇಪಲ್ ಕೆಂಪಾಗುತ್ತದೆ, ಅದರ ಹಿಂದೆಯೇ ಬರ್ಚ್ ಮತ್ತು ಹಿಕರಿ ಹಳದಿಗೆ ಹೊರಳುತ್ತವೆ, ಎಲ್ಲರೂ ಮುಗಿಸಿದ ಮೇಲೆ ಓಕ್ ನಿಧಾನವಾಗಿ ಕಂದಾಗುತ್ತದೆ. ಗುಡ್ಡದ ಬುಡದಲ್ಲಿ ಮುಸುಕಿನ ಜೋಳದ ಹೊಲಗಳು ಒಣಗಿ ಗಾಳಿಗೆ ಪರಪರ ಸದ್ದು ಮಾಡುತ್ತವೆ. ಹೊಲಗಳ ನಡುವೆ ಕೆಂಪು ಬಣ್ಣ ಬಳಿದ ಮರದ ದೊಡ್ಡ ಕೊಟ್ಟಿಗೆಗಳು. ಅವುಗಳ ಗೋಡೆಯ ಮೇಲೆ ವೃತ್ತದೊಳಗೆ ನಕ್ಷತ್ರ, ಹೂದಳ. ಜರ್ಮನ್ ಮೂಲದ ಇಲ್ಲಿನ ರೈತರು ತಲೆಮಾರುಗಳಿಂದ ಬರೆದುಕೊಂಡು ಬಂದ ಚಿತ್ರಗಳವು.

ಈ ಬಯಲಿನ ಒಂದು ತಿರುವಿನಲ್ಲಿ ನನ್ನ ತಂಗಿಯ ಮಗಳ ಮನೆ. ಬೆಳಿಗ್ಗೆ ಹಳದಿ ಸ್ಕೂಲ್ ಬಸ್ಸು ದೀಪ ಮಿನುಗಿಸುತ್ತ ಪಕ್ಕದ ಮನೆಯ ಮುಂದೆ ನಿಂತು ಹೋಗುತ್ತದೆ. ಈ ಮನೆಯ ಮಕ್ಕಳಿಬ್ಬರು ಕಿಟಕಿಯಿಂದ ಬಸ್ಸಿಗೆ ಕೈಬೀಸಿ ತಮ್ಮ ಹಾಲಿನ ಲೋಟಕ್ಕೆ ಮರಳುತ್ತಾರೆ. ಅಕ್ಕನಿಗೆ ಹನ್ನೊಂದು, ತಮ್ಮನಿಗೆ ಏಳು. ಇಬ್ಬರಿಗೂ ಮನೆಯೇ ಶಾಲೆ. ಮೈಸೂರಿನ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನಗೆ ಗಂಟೆ ಹೊಡೆಯದ ಶಾಲೆ ಹೇಗಿರುತ್ತದೆಂದು ನೋಡುವ ಆಸೆ ಬಹಳ ದಿನದ್ದು. ಒಂದು ಇಡೀ ಶರತ್ಕಾಲ ಇಲ್ಲಿರಲು ಅವಕಾಶ ಸಿಕ್ಕಿತು.

ಶರತ್ಕಾಲ ಇಲ್ಲಿ ಶುರುವಾಗುವುದು ಸೆಪ್ಟೆಂಬರ್ 22ರ ಸುಮಾರಿಗೆ, ಹಗಲು ರಾತ್ರಿ ಸಮನಾಗುವ ದಿನ. ಅಕ್ಕ ಹಿತ್ತಲಿನಲ್ಲಿ ಒಂದು ಮೀಟರ್ ಉದ್ದದ ಕೋಲು ನೆಟ್ಟಿದ್ದಳು. ತೂಗುದಾರ ಕಟ್ಟಿ ಅದು ನೆಟ್ಟಗಿದೆಯೇ ಎಂದು ನೋಡಿದ್ದಳು. ಮಧ್ಯಾಹ್ನ ಹನ್ನೆರಡೂವರೆಯಿಂದಲೇ ಅಕ್ಕತಮ್ಮ ಕೋಲಿನ ಮುಂದೆ ಕುಕ್ಕರುಗಾಲಲ್ಲಿ ಕೂತರು. ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದು ಕಲ್ಲು. ನೆರಳು ಮೋಟಾಗುತ್ತ ಬಂದು, ಒಂದು ಗಂಟೆಗೆ ಸ್ವಲ್ಪ ಮುಂಚೆ ಅತಿ ಗಿಡ್ಡವಾಗಿ, ಮತ್ತೆ ಬೆಳೆಯತೊಡಗಿತು. "ಗಡಿಯಾರದ ಹನ್ನೆರಡೇ ಬೇರೆ, ಸೂರ್ಯನ ಹನ್ನೆರಡೇ ಬೇರೆ ಕಣೋ" ಎಂದು ಅಕ್ಕ ತಮ್ಮನಿಗೆ ಹೇಳುತ್ತಿದ್ದಳು. ಅತಿ ಗಿಡ್ಡ ನೆರಳು 86 ಸೆಂಟಿಮೀಟರ್.

ಅಷ್ಟೇ ಉದ್ದದ ಇನ್ನೊಂದು ಕೋಲು ಮೈಸೂರಿನಲ್ಲಿ ಅವರ ತಾತನ ಮನೆಯ ತಾರಸಿಯ ಮೇಲಿತ್ತು. ಇಲ್ಲಿ ಮಕ್ಕಳು ಗಾಢ ನಿದ್ದೆಯಲ್ಲಿದ್ದ ಹೊತ್ತಿಗೆ ಅಲ್ಲಿ ನಡುಹಗಲು. ತಾತ ಅಳೆದು ಕಳಿಸಿದ್ದು 22 ಸೆಂಟಿಮೀಟರ್. ತ್ರಿಕೋನಮಿತಿ ಇನ್ನೂ ಕಲಿಯದ ಹುಡುಗಿ ಗ್ರಾಫ್ ಕಾಗದದ ಮೇಲೆ ಅಳತೆಗೆ ಸರಿಯಾಗಿ ಎರಡು ತ್ರಿಕೋನ ಬರೆದು, ಕೋಲಿನ ತುದಿಯ ಕೋನವನ್ನು ಕೋನಮಾಪಕದಿಂದ ಅಳೆದಳು. ಒಂದು ಸುಮಾರು ನಲವತ್ತೂವರೆ ಡಿಗ್ರಿ, ಇನ್ನೊಂದು ಹನ್ನೆರಡೂವರೆ. ಆಮೇಲೆ ಭೂಪಟದ ಪುಸ್ತಕ ತೆಗೆದು ಎರಡೂ ಊರುಗಳ ಅಕ್ಷಾಂಶ ನೋಡಿದಳು. ಅವೇ ಅಂಕಿಗಳು! ತಾತನೂ ತಾನೂ ಸೇರಿ ಒಂದೊಂದು ಕೋಲಿನಿಂದ ಭೂಮಿ ಗುಂಡಗಿರುವುದನ್ನು ಹಿಡಿದುಬಿಟ್ಟೆವೆಂಬ ಸಂತೋಷ ಅವಳ ಮುಖದಲ್ಲಿತ್ತು. ಎರಡು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ಥನೀಸ್ ಇದೇ ನೆರಳಿನ ಲೆಕ್ಕದಿಂದ ಭೂಮಿಯ ಸುತ್ತಳತೆ ಕಂಡುಹಿಡಿದ ಕಥೆಯನ್ನು ಅವಳ ಅಮ್ಮ ಹೇಳಿದ್ದು ಇಷ್ಟೆಲ್ಲ ಮುಗಿದ ಮೇಲೆ. ನಾನು ತರಗತಿಯಲ್ಲಿ ವರ್ಷವರ್ಷವೂ ಅಕ್ಷಾಂಶ ರೇಖಾಂಶ ಪಾಠ ಮಾಡಿದವಳು. ಮೊದಲು ಅಳೆಯಲಿ, ಕಥೆ ಆಮೇಲೆ ಬರಲಿ ಎಂಬ ಈ ಕ್ರಮ ನನಗೆ ತುಂಬ ಹಿಡಿಸಿತು.

ಆ ಕೋಲು ಅಲ್ಲೇ ಉಳಿಯಿತು. ಅಕ್ಟೋಬರ್ ಕೊನೆಯ ಹೊತ್ತಿಗೆ ಇಲ್ಲಿನ ನಡುಹಗಲ ನೆರಳು 141 ಸೆಂಟಿಮೀಟರ್ ಆಯಿತು, ಮೈಸೂರಿನದು 49. ಬಿಸಿಲು ಓರೆಯಾಗುತ್ತಿದೆ, ಹಗಲು ಗಿಡ್ಡವಾಗುತ್ತಿದೆ. ಮರಗಳಿಗೆ ಚಳಿಗಾಲದ ಸುದ್ದಿ ಮುಟ್ಟುವುದು ಇದರಿಂದಲೇ. ಹೀಗೆ ನೆರಳಿನ ಪಾಠ ತಾನಾಗಿ ಎಲೆಯ ಪಾಠಕ್ಕೆ ಹೋಯಿತು.

ತಮ್ಮನಿಗೆ ಎಲೆ ಎಂದರೆ ಪ್ರಾಣ. ಅವನ ಕೋಟಿನ ಜೇಬು, ಬೂಟಿನ ಒಳಗು, ಊಟದ ಮೇಜು, ಎಲ್ಲೆಲ್ಲೂ ಎಲೆ. ಅಮ್ಮ ಬೈಯದೆ ಅವನಿಗೊಂದು ದಪ್ಪ ಹಾಳೆಯ ಪುಸ್ತಕ ಕೊಟ್ಟಿದ್ದಾಳೆ. ಅಂಟಿಸುವುದು, ಪಕ್ಕದಲ್ಲಿ ತಾರೀಕು, ಸಿಕ್ಕಿದ ಜಾಗ, ಮರದ ಹೆಸರು. ಇಂಗ್ಲಿಷ್ ಹೆಸರಿನ ಕೆಳಗೆ ಕನ್ನಡದಲ್ಲಿ ಬಣ್ಣ ಬರೆಯಬೇಕು, ಅದು ಅವನ ಕನ್ನಡ ಪಾಠ. ಅವನು ಬರೆದದ್ದು ನೋಡಿ: "ಅರಿಶಿನ, ಆದರೆ ಅಂಚಿನಲ್ಲಿ ಕುಂಕುಮ."

ಒಂದು ಮಳೆಯ ದಿನ ಅಡಿಗೆಮನೆಯೇ ಪ್ರಯೋಗಶಾಲೆಯಾಯಿತು. ಇನ್ನೂ ಹಸಿರಾಗಿದ್ದ ಮೇಪಲ್ ಎಲೆಗಳನ್ನು ಸಣ್ಣಗೆ ಹರಿದು ಗಾಜಿನ ಲೋಟಕ್ಕೆ ಹಾಕಿ, ಮುಳುಗುವಷ್ಟು ರಬ್ಬಿಂಗ್ ಆಲ್ಕೊಹಾಲ್ ಸುರಿದು, ಲೋಟವನ್ನು ಬಿಸಿನೀರಿನ ಬೋಗುಣಿಯಲ್ಲಿ ಇಟ್ಟರು. ದ್ರವ ಕಡುಹಸಿರಾದ ಮೇಲೆ ಕಾಫಿ ಫಿಲ್ಟರ್ ಕಾಗದದ ಪಟ್ಟಿಯೊಂದನ್ನು ಅದರೊಳಗೆ ಇಳಿಬಿಟ್ಟರು. ಕಾಗದ ಹೀರಿಕೊಂಡಂತೆ ಬಣ್ಣ ಮೇಲೇರಿ ಬೇರೆಬೇರೆ ಪಟ್ಟಿಗಳಾಗಿ ಒಡೆಯಿತು. ಹಸಿರಿನ ಜೊತೆಗೆ ಸ್ಪಷ್ಟವಾದ ಹಳದಿ! ಹಸಿರೆಲೆಯೊಳಗೆ ಆ ಹಳದಿ ಬೇಸಿಗೆಯುದ್ದಕ್ಕೂ ಇತ್ತು. ಹಗಲು ಗಿಡ್ಡವಾದಾಗ ಮರ ಹರಿತ್ತು ತಯಾರಿಸುವುದನ್ನು ನಿಲ್ಲಿಸುತ್ತದೆ, ಇದ್ದ ಹಸಿರು ಕರಗುತ್ತದೆ, ಅಡಗಿದ್ದ ಹಳದಿ ಕಾಣಿಸುತ್ತದೆ. ಕೆಂಪಿನ ಕಥೆ ಬೇರೆ. ಅದು ಮೊದಲು ಎಲೆಯಲ್ಲಿ ಇರುವುದಿಲ್ಲ. ಎಲೆಯ ತೊಟ್ಟಿನಲ್ಲಿ ಬೆಂಡಿನಂಥ ಪದರ ಬೆಳೆದು ದಾರಿ ಮುಚ್ಚತೊಡಗಿದಾಗ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ಆಗ ಬಿಸಿಲಿನ ಹಗಲು ಮತ್ತು ತಂಪು ರಾತ್ರಿ ಕೂಡಿಬಂದರೆ ಮೇಪಲ್ ಹೊಸದಾಗಿ ಕೆಂಪು ಬಣ್ಣ ಮಾಡಿಕೊಳ್ಳುತ್ತದೆ. ಒಂದು ವರ್ಷ ಗುಡ್ಡ ಉರಿಯುವಷ್ಟು ಕೆಂಪಾಗಿ ಇನ್ನೊಂದು ವರ್ಷ ಮಂಕಾಗುವುದಕ್ಕೆ ಇದೇ ಕಾರಣ. "ಸಾಯುವ ಎಲೆ ಯಾಕೆ ಹೊಸ ಬಣ್ಣ ಮಾಡಿಕೊಳ್ಳಬೇಕು?" ಎಂದು ತಮ್ಮ ಕೇಳಿದ. ವಿಜ್ಞಾನಿಗಳೂ ಇನ್ನೂ ಅದನ್ನೇ ಚರ್ಚಿಸುತ್ತಿದ್ದಾರೆ ಎಂದು ಅವನಮ್ಮ ಹೇಳಿದಾಗ ಹುಡುಗ ಎದೆಯುಬ್ಬಿಸಿದ. ತನ್ನ ಪ್ರಶ್ನೆ ದೊಡ್ಡವರ ಪ್ರಶ್ನೆಯೂ ಹೌದೆಂದು ಗೊತ್ತಾದ ಮಗುವಿನ ಹಿಗ್ಗನ್ನು ನೋಡಬೇಕು.

ಸೇಬಿನ ಕಾಲವೂ ಇದೇ. ಅಡ್ಡಕ್ಕೆ ಕೊಯ್ದರೆ ನಡುವೆ ಐದು ಮೂಲೆಯ ನಕ್ಷತ್ರ, ಪ್ರತಿ ಮೂಲೆಯಲ್ಲೂ ಬೀಜ. ಬೀಜ ಬಿತ್ತಿದರೆ ತಾಯಿಮರದ ಹಣ್ಣು ಬರುವುದಿಲ್ಲ, ಕಸಿಯೇ ಕಟ್ಟಬೇಕು. ಈ ರಾಜ್ಯದ ಯಾರ್ಕ್ ಊರಿನದೇ ಆದ ಯಾರ್ಕ್ ಇಂಪೀರಿಯಲ್ ಎಂಬ ಸೊಟ್ಟ ಆಕಾರದ ಸೇಬೊಂದಿದೆ. ಅದರ ಗುಣ ಪತ್ತೆಯಾದ ಕಥೆ ಇಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಶಾಲೆಯ ಹುಡುಗರು ಚಳಿಗಾಲ ಕಳೆದ ಮೇಲೂ ಒಂದು ಮರದ ಕೆಳಗೆ ಎಲೆ ಕೆದಕಿ ಏನೋ ಆಯುವುದನ್ನು ರೈತನೊಬ್ಬ ಕಂಡನಂತೆ. ನೋಡಿದರೆ ಹಿಮದಡಿಯಲ್ಲೂ ಕೆಡದೆ ಉಳಿದ ಸೇಬು! ಈ ಕಥೆ ಕೇಳಿದ ಮೇಲೆ ತಮ್ಮ ಪ್ರತಿ ಸೇಬಿನ ಮರದ ಕೆಳಗೂ ಎಲೆ ಕೆದಕುತ್ತಾನೆ.

ಎರಡು ಮನೆ ಆಚೆಯ ವೃದ್ಧ ದಂಪತಿ ಪ್ರತಿವರ್ಷ ಆಪಲ್ ಬಟರ್ ಕಾಯಿಸುತ್ತಾರೆ. ಹೆಸರಿನಲ್ಲಿ ಬೆಣ್ಣೆಯಿದ್ದರೂ ಬೆಣ್ಣೆಯ ಸೋಂಕಿಲ್ಲ. ಬೆಳಗಿನ ಜಾವವೇ ಅಂಗಳದಲ್ಲಿ ಸೌದೆ ಒಲೆ ಹೊತ್ತಿಸಿ ದೊಡ್ಡ ತಾಮ್ರದ ಹಂಡೆ ಏರಿಸಿ, ಸೇಬಿನ ರಸ ಕುದಿಸಿ ಇಂಗಿಸಿ, ಸಿಪ್ಪೆ ತೆಗೆದ ಹೋಳುಗಳನ್ನು ಸುರಿಯುತ್ತಾರೆ. ಆಮೇಲೆ ಸಂಜೆಯವರೆಗೂ ಕದಡುವುದೇ ಕೆಲಸ. ಬೆಂಕಿಯಿಂದ ದೂರ ನಿಂತು ಕದಡಲೆಂದು ಮರದ ಹುಟ್ಟಿಗೆ ಆಳುದ್ದದ ಹಿಡಿ. ಕೈ ನಿಂತರೆ ತಳ ಹಿಡಿಯುತ್ತದೆ. ಮಂಡ್ಯದ ಕಡೆ ಆಲೆಮನೆಯಲ್ಲಿ ಬೆಲ್ಲದ ಕೊಪ್ಪರಿಗೆಯ ಸುತ್ತ ನಿಂತ ನನಗೆ ಆ ಹಬೆ, ಆ ಕಾಯುವಿಕೆ, ಪಾಕ ಬಂತೇ ಎಂದು ಚಮಚದ ಬೆನ್ನಲ್ಲಿ ನೋಡುವ ಗಳಿಗೆ ಎಲ್ಲವೂ ಪರಿಚಿತ. ಅಕ್ಕ ಅರ್ಧ ಗಂಟೆಗೊಮ್ಮೆ ಹಂಡೆಯ ಮಟ್ಟ ಅಳೆದು ಎಷ್ಟು ಪಾಲು ಇಂಗಿತೆಂದು ಭಿನ್ನರಾಶಿಯಲ್ಲಿ ಬರೆದುಕೊಂಡಳು. ತಮ್ಮನಿಗೆ ಒಲೆಯಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕು, ಗಾಳಿ ತಿರುಗಿದರೆ ಯಾವ ಕಡೆ ಸರಿಯಬೇಕು, ನೀರಿನ ಬಕೆಟ್ಟು ಎಲ್ಲಿಡಬೇಕು ಎಂದು ಆ ಅಜ್ಜ ತೋರಿಸಿಕೊಟ್ಟರು.

ರಾತ್ರಿ ನನ್ನ ತಂಗಿಯ ಮಗಳು ದಿನಚರಿ ಪುಸ್ತಕದಲ್ಲಿ ಬರೆದದ್ದು: ಗಣಿತ, ಪೆನ್ಸಿಲ್ವೇನಿಯಾದ ಇತಿಹಾಸ, ಬೆಂಕಿ ಸುರಕ್ಷತೆ. "ಬೆಂಕಿ ಸುರಕ್ಷತೆಯೂ ಒಂದು ಸಬ್ಜೆಕ್ಟೇನೇ?" ಎಂದೆ. "ಕಾನೂನಿನಲ್ಲೇ ಬರೆದಿದ್ದಾರೆ, ದೊಡ್ಡಮ್ಮ" ಎಂದು ಅವಳು ಕಡತ ತೆಗೆದು ತೋರಿಸಿದಳು.

ಮನೆಶಾಲೆಯೆಂದರೆ ಹೇಳುವವರು ಕೇಳುವವರು ಇಲ್ಲದ ವ್ಯವಹಾರ ಎಂದುಕೊಂಡವರು ಆ ಕಡತ ನೋಡಬೇಕು. ಪೆನ್ಸಿಲ್ವೇನಿಯಾದಲ್ಲಿ 1988ರ ಆಕ್ಟ್ 169 ಇದಕ್ಕೆ ದಾರಿ ಮಾಡಿಕೊಟ್ಟ ಕಾನೂನು. ಪ್ರತಿವರ್ಷ ಆಗಸ್ಟ್ 1ರೊಳಗೆ ಅಫಿಡವಿಟ್ ಸಲ್ಲಿಸಬೇಕು. ವರ್ಷಕ್ಕೆ 180 ದಿನ, ಅಥವಾ ಪ್ರಾಥಮಿಕ ಹಂತದಲ್ಲಿ 900 ಗಂಟೆ ಕಲಿಕೆ ಆಗಿರಬೇಕು. ಓದು, ಬರಹ, ಗಣಿತ, ವಿಜ್ಞಾನ, ಭೂಗೋಳ, ನಾಗರಿಕ ಶಾಸ್ತ್ರ, ಸಂಗೀತ, ಕಲೆ, ವ್ಯಾಯಾಮ, ಜೊತೆಗೆ ಬೆಂಕಿಯ ಅಪಾಯದ ತಿಳಿವಳಿಕೆ, ಯಾವುದನ್ನೂ ಬಿಡುವಂತಿಲ್ಲ. ಮೂರು, ಐದು ಮತ್ತು ಎಂಟನೇ ತರಗತಿಯ ಹಂತದಲ್ಲಿ ಪರೀಕ್ಷೆ. ವರ್ಷದ ಕೊನೆಗೆ ಅರ್ಹತೆಯುಳ್ಳ ಮೌಲ್ಯಮಾಪಕರೊಬ್ಬರು ಮಗುವನ್ನು ಮಾತನಾಡಿಸಿ, ಮಾಡಿದ ಕೆಲಸದ ಕಡತ ನೋಡಿ ಪ್ರಮಾಣಪತ್ರ ಕೊಡಬೇಕು. ಊರಿನ ಶಾಲೆಯ ಬಾಗಿಲೂ ಪೂರ್ತಿ ಮುಚ್ಚಿಲ್ಲ. 2005ರ ಇನ್ನೊಂದು ಕಾನೂನು ಮನೆಶಾಲೆಯ ಮಕ್ಕಳಿಗೆ ಶಾಲೆಯ ಆಟದ ತಂಡಗಳಲ್ಲಿ ಸೇರುವ ಹಕ್ಕು ಕೊಟ್ಟಿದೆ. ವಾರಕ್ಕೊಮ್ಮೆ ಕೋ-ಆಪ್ ಎಂದು ಹತ್ತಾರು ಮನೆಗಳ ಮಕ್ಕಳು ಒಂದೆಡೆ ಸೇರುತ್ತಾರೆ. ಒಬ್ಬ ತಾಯಿ ಚಿತ್ರಕಲೆ ಹೇಳಿಕೊಟ್ಟರೆ ಇನ್ನೊಬ್ಬ ತಂದೆ ಮರಗೆಲಸ.

ಇದರ ಬೆಲೆಯನ್ನೂ ಹೇಳಲೇಬೇಕು. ಪ್ರಯೋಗಾಲಯದ ಒಳ್ಳೆಯ ಕೆಲಸ ಬಿಟ್ಟು ನನ್ನ ತಂಗಿಯ ಮಗಳು ಮನೆಯಲ್ಲಿ ನಿಂತಿದ್ದಾಳೆ. ಮಕ್ಕಳು ಮಲಗಿದ ಮೇಲೂ ಮರುದಿನದ ತಯಾರಿಯಲ್ಲಿ ಅವಳ ದೀಪ ಉರಿಯುತ್ತಿರುತ್ತದೆ. ಗಂಡನ ಸಂಬಳದಲ್ಲೇ ಸಂಸಾರ ನಡೆಯುವ ಮನೆಗೆ ಮಾತ್ರ ಇದು ಸಾಧ್ಯ. ದೇಶದ ಎಲ್ಲ ಮಕ್ಕಳಿಗೂ ಇದೇ ದಾರಿ ಎಂದು ನಾನು ಹೇಳಲಾರೆ. ಸರ್ಕಾರಿ ಶಾಲೆಯಿಲ್ಲದಿದ್ದರೆ ಅಕ್ಷರವನ್ನೇ ಕಾಣದೆ ಹೋಗುತ್ತಿದ್ದ ಮಕ್ಕಳಿಗೆ ಕಲಿಸಿದವಳು ನಾನು. ಆದರೆ ಇಲ್ಲಿ ಕಂಡ ಒಂದು ಅಭ್ಯಾಸವನ್ನು ಯಾವ ಶಾಲೆಯಾದರೂ ತನ್ನದಾಗಿಸಿಕೊಳ್ಳಬಹುದು. ಕಂಡದ್ದನ್ನು ಕಂಡ ದಿನವೇ, ಕಂಡಷ್ಟೇ ಬರೆದಿಡುವುದು. ಅದಕ್ಕೆ ಒಂದು ಪೆನ್ಸಿಲು ಸಾಕು.

ಆ ಬರಹಕ್ಕೆ ಎಂಥ ಬಲವಿದೆ ಎಂದು ಈ ಮಕ್ಕಳಿಗೆ ಗೊತ್ತಿರುವುದು ಹಾಕ್ ಮೌಂಟನ್‌ನಿಂದ.

ಮನೆಯಿಂದ ಕಾಣುವ ಅದೇ ಕಿಟ್ಟಾಟಿನಿ ಸಾಲಿನ ಒಂದು ಕೋಡುಗಲ್ಲು ಅದು. ಶರತ್ಕಾಲದಲ್ಲಿ ಉತ್ತರದ ಕಾಡುಗಳಿಂದ ಗಿಡುಗ, ಹದ್ದು, ಡೇಗೆಗಳು ದಕ್ಷಿಣಕ್ಕೆ ಹೊರಡುತ್ತವೆ. ವಾಯವ್ಯದ ಗಾಳಿ ಈ ಗುಡ್ಡಕ್ಕೆ ಬಡಿದು ಮೇಲಕ್ಕೆ ಚಿಮ್ಮುತ್ತದೆ. ಹಕ್ಕಿಗಳು ಆ ಗಾಳಿಯ ಮೇಲೆ ರೆಕ್ಕೆ ಬಿಚ್ಚಿಟ್ಟು, ಬಡಿಯುವ ಶ್ರಮವಿಲ್ಲದೆ, ಸಾಲಿನುದ್ದಕ್ಕೂ ಜಾರುತ್ತ ಹೋಗುತ್ತವೆ. ಒಂದು ಕಾಲದಲ್ಲಿ ಇದೇ ಬಂಡೆಗಳ ಮೇಲೆ ಬಂದೂಕು ಹಿಡಿದವರು ಸಾಲಾಗಿ ಕೂತು ಹಾರುವ ಹಕ್ಕಿಗಳನ್ನು ನೂರುಗಟ್ಟಲೆ ಉರುಳಿಸುತ್ತಿದ್ದರು. ಗಾಸ್‌ಹಾಕ್ ಎಂಬ ಗಿಡುಗವೊಂದನ್ನು ಕೊಂದರೆ ಸರ್ಕಾರವೇ 5 ಡಾಲರ್ ಬಹುಮಾನ ಕೊಡುತ್ತಿತ್ತು. ಸತ್ತ ಹಕ್ಕಿಗಳ ರಾಶಿಯ ಫೋಟೋ ನೋಡಿ ಸಂಕಟಪಟ್ಟ ರೊಸಾಲಿ ಎಜ್ ಎಂಬ ನ್ಯೂಯಾರ್ಕಿನ ಹೆಂಗಸು, ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿ ಪಳಗಿದವರು, 1934ರಲ್ಲಿ ಸುಮಾರು 1,400 ಎಕರೆ ಗುಡ್ಡವನ್ನೇ ಗುತ್ತಿಗೆಗೆ ಹಿಡಿದುಬಿಟ್ಟರು. ಕಾವಲಿಗೆ ಮಾರಿಸ್ ಬ್ರೌನ್ ಎಂಬ ತರುಣನನ್ನೂ ಆತನ ಹೆಂಡತಿ ಇರ್ಮಾರನ್ನೂ ತಂದಿಟ್ಟರು. ಬಂದೂಕು ನಿಂತಿತು. ಮಾರಿಸ್ ಬ್ರೌನ್ ಆ ಶರತ್ಕಾಲದಲ್ಲೇ ಬಂಡೆಯ ಮೇಲೆ ಕೂತು ಹಕ್ಕಿ ಎಣಿಸತೊಡಗಿದ. ಮಹಾಯುದ್ಧದ ನಡುವಿನ ಕೆಲವು ವರ್ಷ ಬಿಟ್ಟರೆ ಆ ಎಣಿಕೆ ಇಂದಿಗೂ ನಿಂತಿಲ್ಲ. ಆಗಸ್ಟ್ 15ರಿಂದ ಡಿಸೆಂಬರ್ 15ರವರೆಗೆ ಸರಾಸರಿ 18,000 ಹಕ್ಕಿಗಳು ಪುಸ್ತಕಕ್ಕೆ ಏರುತ್ತವೆ.

ಸೆಪ್ಟೆಂಬರ್ ನಡುವಿನಲ್ಲಿ ನಾವು ಅಲ್ಲಿಗೆ ಹತ್ತಿದೆವು. ಸುಮಾರು ಒಂದು ಮೈಲಿ ದಾರಿ, ಕೊನೆಕೊನೆಗೆ ಬರೀ ಕಲ್ಲು. ಮೇಲೆ ಬೂದುಬಣ್ಣದ ಬಂಡೆಗಳ ಮೇಲೆ ಜನ ದುರ್ಬೀನು ಹಿಡಿದು ಕೂತಿದ್ದರು. ಒಂದು ಗಳುವಿನ ತುದಿಗೆ ಗೂಬೆಯ ಬೊಂಬೆ. ಅದನ್ನು ಕಂಡು ರೇಗಿದ ಗಿಡುಗಗಳು ಹತ್ತಿರ ಎರಗಿ ಬರಲೆಂದು ಹೂಡಿದ ಉಪಾಯ. ಎದುರಿನ ಗುಡ್ಡದ ಉಬ್ಬುಗಳಿಗೆ ಒಂದರಿಂದ ಐದರವರೆಗೆ ಸಂಖ್ಯೆ ಕೊಟ್ಟಿದ್ದಾರೆ. "ಮೂರರ ಮೇಲೆ ಒಂದು!" ಎಂದು ಯಾರೋ ಕೂಗಿದರೆ ಎಲ್ಲ ದುರ್ಬೀನುಗಳೂ ಅತ್ತ ತಿರುಗುತ್ತವೆ. ಹನ್ನೊಂದರ ಬಿಸಿಲು ಏರಿದ ಮೇಲೆ ಬ್ರಾಡ್‌ವಿಂಗ್ಡ್ ಗಿಡುಗಗಳು ಬಂದವು. ಬಿಸಿಗಾಳಿಯ ಕಂಬವೊಂದನ್ನು ಹಿಡಿದು ಸುತ್ತುತ್ತ ಸುತ್ತುತ್ತ ಮೇಲೇರಿ, ಕಣ್ಣಿಗೆ ಚುಕ್ಕೆಯಾಗಿ, ಅಲ್ಲಿಂದ ಒಂದರ ಹಿಂದೊಂದು ದಕ್ಷಿಣಕ್ಕೆ ಜಾರಿದವು. ಮಧ್ಯ ಮತ್ತು ದಕ್ಷಿಣ ಅಮೆರಿಕದವರೆಗೆ ಅವುಗಳ ಪ್ರಯಾಣ. ಸುತ್ತುವಾಗ ಎಣಿಸಬಾರದು, ಸಾಲಾಗಿ ಹೊರಟಾಗ ಎಣಿಸಬೇಕು ಎಂದು ಅಕ್ಕ ನನಗೆ ಹೇಳಿಕೊಟ್ಟಳು.

ಆ ಬಂಡೆಯ ಮೇಲೇ ಅವಳಮ್ಮ ಮಕ್ಕಳಿಗೆ ಹೇಳಿದ ಕಥೆಯನ್ನು ನಾನೂ ಕಿವಿಗೊಟ್ಟು ಕೇಳಿದೆ. ರೇಚಲ್ ಕಾರ್ಸನ್ ಇದೇ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. ಡಿಡಿಟಿ ಕೀಟನಾಶಕದ ಮೇಲೆ 1962ರಲ್ಲಿ 'ಸೈಲೆಂಟ್ ಸ್ಪ್ರಿಂಗ್' ಪ್ರಕಟಿಸಿದಾಗ ಅವರು ಮುಂದಿಟ್ಟ ಸಾಕ್ಷ್ಯಗಳಲ್ಲಿ ಬ್ರೌನ್‌ನ ಎಣಿಕೆ ಪುಸ್ತಕವೂ ಒಂದು. 1935ರಿಂದ 1939ರವರೆಗೆ ಇಲ್ಲಿ ಹಾದುಹೋದ ಬಾಲ್ಡ್ ಈಗಲ್‌ಗಳಲ್ಲಿ ಶೇಕಡಾ 40 ಎಳೆಯ ಹಕ್ಕಿಗಳಿದ್ದವು. 1955ರಿಂದ 1959ರ ನಡುವೆ ಅದು ಶೇಕಡಾ 20ಕ್ಕೆ ಇಳಿದಿತ್ತು. ದೊಡ್ಡ ಹದ್ದುಗಳು ಹಾರುತ್ತಲೇ ಇದ್ದವು, ಮರಿಗಳು ಮಾತ್ರ ಕಡಿಮೆಯಾಗಿದ್ದವು. ಡಿಡಿಟಿ ಮೈಸೇರಿದ ತಾಯಿಹಕ್ಕಿಗಳ ಮೊಟ್ಟೆಯ ಸಿಪ್ಪೆ ತೆಳುವಾಗಿ ಒಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. ಇಡೀ ಪೆನ್ಸಿಲ್ವೇನಿಯಾದಲ್ಲಿ ಮೂರೇ ಗೂಡು ಉಳಿದಿದ್ದ ಹೊತ್ತಿನಲ್ಲಿ, 1983ರಿಂದ, ಕೆನಡಾದ ಮರಿಗಳನ್ನು ತಂದು ಸಾಕಿ ಹಾರಿಬಿಟ್ಟರು. ಈಗ 300ಕ್ಕೂ ಹೆಚ್ಚು ಗೂಡುಗಳಿವೆ. ಬ್ರೌನ್ ಬರೆಯತೊಡಗಿದಾಗ ಅವನಿಗೆ ಡಿಡಿಟಿ ಗೊತ್ತಿರಲಿಲ್ಲ. ಎಳೆಯದೆಷ್ಟು, ಬಲಿತದ್ದೆಷ್ಟು ಎಂದು ದಿನದಿನ ಬೇರೆಬೇರೆ ಬರೆದಿಟ್ಟಿದ್ದ, ಅಷ್ಟೇ. ನನಗೆ ಗಂಟಲು ಕಟ್ಟಿತು. ನನ್ನ ಶಾಲೆಯ ಮಕ್ಕಳಿಗೆ ಈ ಕಥೆ ಹೇಳಬೇಕಿತ್ತು ಎನ್ನಿಸಿತು.

ಎಣಿಕೆ ಮನೆಯ ಅಂಗಳಕ್ಕೂ ಬಂದಿದೆ. ಚೀನಾ ಕಡೆಯಿಂದ ಬಂದ ಸ್ಪಾಟೆಡ್ ಲ್ಯಾಂಟರ್ನ್‌ಫ್ಲೈ ಎಂಬ ಕೀಟ ಅಮೆರಿಕದಲ್ಲಿ ಮೊದಲು ಸಿಕ್ಕಿದ್ದು 2014ರಲ್ಲಿ, ನಾವಿರುವ ಈ ಬರ್ಕ್ಸ್ ಕೌಂಟಿಯಲ್ಲೇ. ಬೂದು ರೆಕ್ಕೆಯ ಮೇಲೆ ಕರಿಚುಕ್ಕಿ, ಒಳರೆಕ್ಕೆ ರಕ್ತಗೆಂಪು. ನೋಡಲು ಚೆಂದ, ದ್ರಾಕ್ಷಿ ಬಳ್ಳಿಗೆ ಮಾರಿ. ಶರತ್ಕಾಲದಲ್ಲಿ ಮರ, ಕಲ್ಲು, ಬೇಲಿ ಎಲ್ಲೆಂದರಲ್ಲಿ ಕೆಸರು ಮೆತ್ತಿದ ಹಾಗೆ ಮೊಟ್ಟೆಯಿಡುತ್ತದೆ. ಒಂದೊಂದು ಮೆತ್ತೆಯಲ್ಲಿ 30ರಿಂದ 50 ಮೊಟ್ಟೆ. ಮಕ್ಕಳು ಹಳೆಯ ಕಾರ್ಡಿನಿಂದ ಅದನ್ನು ಕೆರೆದು ಆಲ್ಕೊಹಾಲ್ ತುಂಬಿದ ಚೀಲಕ್ಕೆ ಹಾಕುತ್ತಾರೆ, ಯಾವ ಮರ, ನೆಲದಿಂದ ಎಷ್ಟು ಎತ್ತರ ಎಂದು ಬರೆಯುತ್ತಾರೆ.

ನಡುವೆ ದಸರೆ ಬಂತು. ಮೆಟ್ಟಿಲು ಕಟ್ಟಿ ಪಟ್ಟದ ಗೊಂಬೆ ಕೂರಿಸಿದರು. ಮೈಸೂರಿನ ಅರಮನೆಯ ಕೆಳಗಿನ ಮೆಟ್ಟಿಲಲ್ಲಿ ಕಾಗದದ ಗುಡ್ಡ, ಹತ್ತಿಯ ಮೋಡ, ದಾರಕ್ಕೆ ತೂಗುಬಿಟ್ಟ ಗಿಡುಗಗಳು. ಬಾಗಿಲ ಮುಂದೆ ಅಕ್ಕ ಕೈವಾರದಿಂದ ಕೊಟ್ಟಿಗೆಯ ನಕ್ಷತ್ರ ಬರೆದಳು, ಪಕ್ಕದಲ್ಲಿ ನಾನು ಎಳೆ ರಂಗೋಲಿ ಹಾಕಿದೆ. ಆಪಲ್ ಬಟರ್ ದಂಪತಿ ಗೊಂಬೆ ನೋಡಲು ಬಂದು ಚರಪು ತೆಗೆದುಕೊಂಡು ಹೋದರು.

ನವೆಂಬರ್‌ನಲ್ಲಿ ಮತ್ತೆ ಬಂಡೆಗೆ ಹೋದೆವು. ಇದು ಗೋಲ್ಡನ್ ಈಗಲ್‌ಗಳ ಕಾಲ. ಮರಗಳು ಬೋಳಾಗಿದ್ದವು, ಗಾಳಿ ಮೂಳೆ ಕೊರೆಯುತ್ತಿತ್ತು. ನಾಲ್ಕನೇ ಉಬ್ಬಿನ ಆಚೆ, ಬಹಳ ದೂರದಲ್ಲಿ, ಕಂದುಬಣ್ಣದ ದೊಡ್ಡ ಹಕ್ಕಿಯೊಂದು ಮೋಡದ ಕೆಳಗೆ ಹಾದು ಮರೆಯಾಯಿತು. "ಗೋಲ್ಡನ್!" ಎಂದು ತಮ್ಮ ಕುಣಿದ. ತಲೆ ಬೆಳ್ಳಗಾಗದ ಎಳೆಯ ಬಾಲ್ಡ್ ಈಗಲ್ ಕೂಡ ದೂರಕ್ಕೆ ಹಾಗೇ ಕಾಣುತ್ತದೆ, ಅದೇ ಇರಬೇಕು ಎಂದು ಅಕ್ಕ ಪಟ್ಟುಹಿಡಿದಳು. ಎಣಿಕೆಯ ತರುಣಿ ಇಬ್ಬರ ಮಾತನ್ನೂ ಕೇಳಿಸಿಕೊಂಡು ತನ್ನ ಹಾಳೆಯನ್ನು ಅವರತ್ತ ತಿರುಗಿಸಿದಳು. ಜಾತಿಗಳ ಹೆಸರಿನ ಸಾಲುಗಳ ಕೊನೆಯಲ್ಲಿ, ಗುರುತು ಹತ್ತದ ಹಕ್ಕಿಗಳಿಗೇ ಒಂದು ಸಾಲಿತ್ತು. ಅಲ್ಲಿ ಒಂದು ಗೆರೆ ಎಳೆದಳು.

ಇಳಿಯುವ ದಾರಿಯುದ್ದಕ್ಕೂ ತಮ್ಮ ಮುಖ ಊದಿಸಿಕೊಂಡಿದ್ದ. ಕಾರಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚುವ ಮೊದಲೇ ತನ್ನ ಎಲೆಯ ಪುಸ್ತಕ ತೆಗೆಸಿದ. ಇಷ್ಟು ದಿನ ಊಹೆಯಿಂದ ಹಿಕರಿ ಎಂದು ಬರೆದಿದ್ದ ಒಂದು ಹರಕು ಎಲೆಯ ಹೆಸರನ್ನು ರಬ್ಬರಿನಿಂದ ಅಳಿಸಿ, "ಅಜ್ಜಿ, 'ಗುರುತು ಹತ್ತಿಲ್ಲ' ಅಂತ ಬರೆಯೋವಾಗ ತಕಾರಕ್ಕೆ ಯಾವ ಒತ್ತು?" ಎಂದು ಕೇಳಿದ.